ಬಚ್ಚಲ ಹಂಡೆಯಿಂದ ಹಾಟ್ ಟಬ್‌ವರೆಗೆ: ಮನೆಯ ಬಿಸಿನೀರಿಗೆ ತಗಲುವ ವಿದ್ಯುತ್ತನ್ನು ಅಳೆಯುವ ಕ್ರಮ

ಸ್ನಾನದ ನೀರನ್ನು ಬೇಕಾದ ಉಷ್ಣತೆಗೆ ತರಲು ಮತ್ತು ಆ ಉಷ್ಣತೆಯಲ್ಲಿ ಉಳಿಸಿಕೊಳ್ಳಲು ಮೀಟರಿನ ಮೂಲಕ ಹರಿದು ಬಂದ ಯೂನಿಟ್‌ಗಳ ಮೊತ್ತವೇ ಮನೆಯ ಬಿಸಿನೀರಿನ ವಿದ್ಯುತ್ ಬಳಕೆ. ಉರುಕುಂದ, ಕೌತಾಳಂ, ಆದೋನಿ, ಆಲೂರು ಭಾಗದ ಸಾಮಾನ್ಯ ಮನೆಗಳಲ್ಲಿ ದೀಪ, ಫ್ಯಾನ್, ದೂರದರ್ಶನಗಳನ್ನು ಮೀರಿ ಚಳಿಗಾಲದ ಬಿಲ್ಲನ್ನು ಏರಿಸುವುದು ಬಹುಮಟ್ಟಿಗೆ ಬಚ್ಚಲುಮನೆಯ ಈ ಒಂದೇ ಕೆಲಸ. ಆದರೂ ಬಿಲ್ಲಿನಲ್ಲಿ ಅದಕ್ಕೆ ಪ್ರತ್ಯೇಕ ಸಾಲು ಇರುವುದಿಲ್ಲ. ಅದನ್ನು ತಿಳಿಯಬೇಕಾದರೆ ಮನೆಯವರೇ ಅಳೆಯಬೇಕು. ಅಳೆಯಲು ಬೇಕಾದ ಸಾಮಗ್ರಿ ಕಡಿಮೆ: ಮನೆಯ ಮೀಟರ್, ಒಂದು ಗಡಿಯಾರ, ಶಾಲೆಯ ಪ್ರಯೋಗಾಲಯದಲ್ಲಿರುವಂಥ ಒಂದು ಥರ್ಮಾಮೀಟರ್, ಒಂದು ಲೀಟರಿನ ಅಳತೆಯ ಬಾಟಲಿ ಮತ್ತು ನೋಟ್‌ಬುಕ್. ಲೆಕ್ಕವಾದರೂ ಪ್ರೌಢಶಾಲೆಯ ಭೌತವಿಜ್ಞಾನದ ಮಿತಿಯನ್ನು ದಾಟುವುದಿಲ್ಲ.

ಹಿನ್ನೆಲೆ

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು ಮತ್ತು ರಾಯದುರ್ಗ ತಾಲ್ಲೂಕುಗಳು ಆಂಧ್ರ ರಾಜ್ಯಕ್ಕೆ ಸೇರಿದವು. ಆಡಳಿತದ ಗಡಿ ಬದಲಾದರೂ ಮನೆಯೊಳಗಿನ ಮಾತು ಬದಲಾಗಲಿಲ್ಲ. ಇಂದಿಗೂ ಈ ಭಾಗದ ಕನ್ನಡ ಮನೆಗಳಲ್ಲಿ ಜಳಕ, ಬಚ್ಚಲು, ಹಂಡೆ ಎಂಬ ಪದಗಳೇ ಬಳಕೆಯಲ್ಲಿವೆ. ದೀಪಾವಳಿಯ ನೀರು ತುಂಬುವ ಹಬ್ಬದ ಸಂಜೆ ಹಂಡೆಯನ್ನು ಬೆಳಗಿ, ನೀರು ತುಂಬಿ, ಮರುದಿನ ನಸುಕಿನಲ್ಲಿ ಎಣ್ಣೆ ಹಚ್ಚಿಕೊಂಡು ಎರೆದುಕೊಳ್ಳುವ ಪದ್ಧತಿ ಹಿರಿಯರಿಗೆಲ್ಲ ಪರಿಚಿತ. ಹತ್ತಿ ಬೆಳೆಯುವ ಸೀಮೆಯಾದುದರಿಂದ ಹತ್ತಿಯ ಕಟ್ಟಿಗೆಯೇ ಹಂಡೆಯ ಒಲೆಗೆ ಉರುವಲಾಗಿತ್ತು. ಕೆಲವು ಮನೆಗಳಲ್ಲಿ ಈಗಲೂ ಅದೇ ಉರುವಲು. ಆ ಒಲೆಗೆ ಎಷ್ಟು ಹೊರೆ ಕಟ್ಟಿಗೆ ಬೇಕೆಂಬುದು ಮನೆಯ ಹೆಣ್ಣುಮಕ್ಕಳಿಗೆ ಕಣ್ಣಳತೆಯಲ್ಲೇ ಗೊತ್ತಿತ್ತು. ಒಲೆಯ ಜಾಗಕ್ಕೆ ವಿದ್ಯುತ್ ಕಾಯಿಸುವ ಕೋಲು (ವಾಟರ್ ಹೀಟರ್ ರಾಡ್) ಅಥವಾ ಗೀಸರ್ ಬಂದ ಮೇಲೆ ಉರುವಲು ಕಣ್ಣಿಗೆ ಕಾಣದಂತಾಯಿತು. ಕಣ್ಣಳತೆ ನಿಂತುಹೋದ ಕಡೆ ಮೀಟರಿನ ಅಳತೆ ಬೇಕಾಗುತ್ತದೆ.

ಮೂಲ ಸೂತ್ರ

ನೀರು ಬಿಸಿಯಾಗಲು ಬೇಕಾದ ಶಕ್ತಿ ಎರಡೇ ಸಂಗತಿಗಳನ್ನು ಅವಲಂಬಿಸಿದೆ: ನೀರಿನ ಪ್ರಮಾಣ ಮತ್ತು ಉಷ್ಣತೆಯ ಏರಿಕೆ. ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು 1 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಲು ಸುಮಾರು 4.186 ಕಿಲೋಜೌಲ್ ಶಕ್ತಿ ಬೇಕು. ಇದೇ ನೀರಿನ ವಿಶಿಷ್ಟೋಷ್ಣ. ಶಾಖವೂ ಕೆಲಸವೂ ಒಂದೇ ಶಕ್ತಿಯ ಎರಡು ರೂಪಗಳೆಂದು 1840ರ ದಶಕದಲ್ಲಿ ಪ್ರಯೋಗಗಳಿಂದ ತೋರಿಸಿಕೊಟ್ಟ ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೌಲ್ ಅವರ ಹೆಸರೇ ಈ ಮಾನಕ್ಕೆ ಬಂದಿದೆ.

ಬಿಲ್ಲಿನಲ್ಲಿ ಕಾಣುವ 1 ಯೂನಿಟ್ ಎಂದರೆ 1 ಕಿಲೋವ್ಯಾಟ್ ಗಂಟೆ; ಅಂದರೆ 1000 ವ್ಯಾಟ್‌ನ ಸಾಧನವೊಂದು ಒಂದು ಗಂಟೆ ನಡೆದರೆ ತಗಲುವ ಶಕ್ತಿ. ಅದು 3600 ಕಿಲೋಜೌಲ್‌ಗೆ ಸಮ. 4.186ನ್ನು 3600ರಿಂದ ಭಾಗಿಸಿದರೆ ಒಂದು ಲೀಟರ್ ನೀರನ್ನು 1 ಡಿಗ್ರಿ ಬಿಸಿಮಾಡಲು 1.163 ವ್ಯಾಟ್ ಗಂಟೆ ಬೇಕೆಂದು ತಿಳಿಯುತ್ತದೆ. ಆದುದರಿಂದ ಈ ಲೇಖನದ ಆಧಾರಸೂತ್ರ ಇಷ್ಟೇ:

ಯೂನಿಟ್‌ಗಳು = ಲೀಟರ್ × ಉಷ್ಣತೆಯ ಏರಿಕೆ × 1.163 ÷ 1000

20 ಲೀಟರಿನ ಒಂದು ಬಕೆಟ್ ನೀರನ್ನು 22 ಡಿಗ್ರಿಯಿಂದ 42 ಡಿಗ್ರಿಗೆ ಏರಿಸಬೇಕೆಂದುಕೊಳ್ಳೋಣ. ಏರಿಕೆ 20 ಡಿಗ್ರಿ. 20 × 20 × 1.163 = 465 ವ್ಯಾಟ್ ಗಂಟೆ, ಅಂದರೆ 0.465 ಯೂನಿಟ್. ಇದು ನೀರು ತಾನೇ ಹೀರಿಕೊಳ್ಳುವ ಶಾಖ. ಇದಕ್ಕಿಂತ ಕಡಿಮೆ ಶಕ್ತಿಯಲ್ಲಿ ಯಾವ ರಾಡೂ ಗೀಸರೂ ಆ ನೀರನ್ನು ಕಾಯಿಸಲಾರದು. ಬಕೆಟ್ಟಿನ ಮೈಯಿಂದ, ನೀರಿನ ಮೇಲ್ಮೈಯಿಂದ ಗಾಳಿಗೆ ಹೋಗುವ ಶಾಖ ಇದರ ಮೇಲೆ ಸೇರುತ್ತದೆ. ಹೀಗಾಗಿ ಮೀಟರ್ ತೋರಿಸುವ ಅಂಕಿ ಅರ್ಧ ಯೂನಿಟ್‌ನ ಆಸುಪಾಸಿನಲ್ಲಿರಬಹುದು.

ಮೊದಲನೆಯ ವಿಧಾನ: ಮೀಟರಿನ ಓದು

ಅತ್ಯಂತ ಸರಳವಾದ ವಿಧಾನವಿದು. ನೀರು ಕಾಯಿಸುವ ಮುಂಚೆ ಮೀಟರಿನ ಕಿಲೋವ್ಯಾಟ್ ಗಂಟೆಯ ಅಂಕಿಯನ್ನು ಬರೆದುಕೊಳ್ಳಬೇಕು. ಕಾಯಿಸಿದ ನಂತರ ಮತ್ತೆ ಬರೆದುಕೊಳ್ಳಬೇಕು. ಎರಡರ ವ್ಯತ್ಯಾಸವೇ ಬಳಕೆ. ಆದರೆ ಇಲ್ಲಿ ಎರಡು ಎಚ್ಚರಿಕೆಗಳಿವೆ.

ಒಂದು, ಮನೆಯ ಮೀಟರ್ ಅನೇಕ ಅಂಕಿಗಳನ್ನು ಸರದಿಯಂತೆ ತೋರಿಸುತ್ತದೆ: ದಿನಾಂಕ, ವೋಲ್ಟೇಜ್, ಗರಿಷ್ಠ ಬೇಡಿಕೆ, ಒಟ್ಟು ಯೂನಿಟ್ ಇತ್ಯಾದಿ. ಕೆ.ಡಬ್ಲ್ಯು.ಎಚ್. ಎಂಬ ಗುರುತು ಇರುವ ಅಂಕಿಯನ್ನೇ ಎರಡೂ ಸಲ ಓದಬೇಕು. ಕೆ.ಡಬ್ಲ್ಯು. ಎಂದಷ್ಟೇ ಇರುವುದು ಸಾಮರ್ಥ್ಯದ ಅಂಕಿ, ಶಕ್ತಿಯದಲ್ಲ.

ಎರಡು, ಮೀಟರ್ ದಶಮಾಂಶದ ಒಂದೇ ಸ್ಥಾನವನ್ನು ತೋರಿಸುವಂಥದ್ದಾದರೆ ಅದರ ಅತಿ ಸಣ್ಣ ಹೆಜ್ಜೆ 0.1 ಯೂನಿಟ್. ಅರ್ಧ ಯೂನಿಟ್ ಅಳೆಯುವಾಗ ಅಷ್ಟು ಹೆಜ್ಜೆಯ ತಪ್ಪೆಂದರೆ ನೂರಕ್ಕೆ 20ರಷ್ಟು. ಇದನ್ನು ತಪ್ಪಿಸಲು ಒಂದು ಬಕೆಟ್ಟನ್ನಲ್ಲ, ಮನೆಯವರೆಲ್ಲರ ಸ್ನಾನವನ್ನು ಒಟ್ಟಾಗಿ ಅಳೆಯಬೇಕು. ಐದು ಬಕೆಟ್‌ಗಳನ್ನು ಸಾಲಾಗಿ ಕಾಯಿಸಿ ಮೊದಲ ಮತ್ತು ಕೊನೆಯ ಓದನ್ನು ತೆಗೆದುಕೊಂಡರೆ ಅದೇ 0.1ರ ತಪ್ಪು ನೂರಕ್ಕೆ 4ಕ್ಕೆ ಇಳಿಯುತ್ತದೆ.

ಆ ಸಮಯದಲ್ಲಿ ಉಳಿದ ಸಾಧನಗಳನ್ನು ಆರಿಸಿಡುವುದು ಒಳ್ಳೆಯದು. ಫ್ರಿಜ್‌ನಂಥವನ್ನು ಆರಿಸಲಾಗದಿದ್ದರೆ, ಅಷ್ಟೇ ಅವಧಿಗೆ ರಾಡ್ ಹಾಕದೆ ಮತ್ತೊಮ್ಮೆ ಅಳೆದು ಆ ಅಂಕಿಯನ್ನು ಕಳೆಯಬೇಕು.

ಎರಡನೆಯ ವಿಧಾನ: ಮಿಣುಕುವ ದೀಪದ ಎಣಿಕೆ

ಎಲೆಕ್ಟ್ರಾನಿಕ್ ಮೀಟರಿನ ಮುಖದಲ್ಲಿ ಒಂದು ಸಣ್ಣ ಕೆಂಪು ದೀಪ ಮಿಣುಕುತ್ತಿರುತ್ತದೆ. ಅದು ಕೆಟ್ಟಿರುವುದರ ಸೂಚನೆಯಲ್ಲ. ಪ್ರತಿ ಮಿಣುಕೂ ನಿಗದಿತ ಶಕ್ತಿ ಹರಿದುಹೋದುದರ ಲೆಕ್ಕ. ಒಂದು ಯೂನಿಟ್‌ಗೆ ಎಷ್ಟು ಮಿಣುಕು ಎಂಬುದನ್ನು ಮೀಟರಿನ ಮೇಲೆಯೇ ಮುದ್ರಿಸಿರುತ್ತಾರೆ. 1600 ಅಥವಾ 3200 ಎಂಬ ಅಂಕಿಗಳು ಸಾಮಾನ್ಯವಾಗಿ ಕಾಣುತ್ತವೆ. ಆ ಅಂಕಿಯ ಪಕ್ಕದಲ್ಲಿ ಇಂಪ್ ಎಂಬ ಸಂಕ್ಷೇಪ ಇರುತ್ತದೆ.

ಸೂತ್ರ ಹೀಗಿದೆ:

ವ್ಯಾಟ್ = 36,00,000 × ಮಿಣುಕುಗಳ ಸಂಖ್ಯೆ ÷ (ಮೀಟರಿನ ಅಂಕಿ × ಸೆಕೆಂಡುಗಳು)

1600 ಎಂದು ಮುದ್ರಿಸಿರುವ ಮೀಟರೊಂದನ್ನು ತೆಗೆದುಕೊಳ್ಳೋಣ. ರಾಡ್ ಹಾಕುವ ಮುಂಚೆ ಒಂದು ನಿಮಿಷದಲ್ಲಿ 4 ಮಿಣುಕು. ರಾಡ್ ಹಾಕಿದ ಮೇಲೆ 44 ಮಿಣುಕು. ರಾಡಿನ ಪಾಲು 40. ಸೂತ್ರದಲ್ಲಿ ಇಟ್ಟರೆ 36,00,000 × 40 ÷ (1600 × 60) = 1500 ವ್ಯಾಟ್. ಎಣಿಸುವಾಗ ಮೊದಲ ಮಿಣುಕನ್ನು ಸೊನ್ನೆ ಎಂದೇ ಹಿಡಿಯಬೇಕು. ಇಲ್ಲವಾದರೆ ಒಂದು ಹೆಚ್ಚಾಗುತ್ತದೆ. ಇಬ್ಬರು ಮಕ್ಕಳು ಕೂಡಿ, ಒಬ್ಬರು ಗಡಿಯಾರ ನೋಡುತ್ತ ಇನ್ನೊಬ್ಬರು ಎಣಿಸಿದರೆ ಅಳತೆ ನಿಖರವಾಗುತ್ತದೆ.

ಈ ವಿಧಾನದ ಬೆಲೆ ಎಲ್ಲಿದೆಯೆಂದರೆ, ಇದು ಸಾಧನದ ಮೇಲೆ ಬರೆದಿರುವ ವ್ಯಾಟನ್ನಲ್ಲ, ಆ ಹೊತ್ತಿನಲ್ಲಿ ಅದು ನಿಜವಾಗಿ ಎಳೆಯುತ್ತಿರುವ ವ್ಯಾಟನ್ನು ತೋರಿಸುತ್ತದೆ.

ವೋಲ್ಟೇಜ್ ಇಳಿದಾಗ ಆಗುವುದೇನು

ಹಳ್ಳಿಗಳಲ್ಲಿ ಒಂದು ನಂಬಿಕೆಯಿದೆ: ವೋಲ್ಟೇಜ್ ಕಡಿಮೆಯಾದರೆ ನೀರು ಕಾಯಲು ಹೆಚ್ಚು ಹೊತ್ತು ಬೇಕು, ಆದುದರಿಂದ ಬಿಲ್ಲೂ ಹೆಚ್ಚು ಎಂದು. ಮೊದಲ ಮಾತು ನಿಜ, ಎರಡನೆಯದು ಸರಿಯಲ್ಲ. ಕಾಯಿಸುವ ಸುರುಳಿ ಎಳೆಯುವ ಸಾಮರ್ಥ್ಯವು ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 230 ವೋಲ್ಟ್‌ನಲ್ಲಿ 1500 ವ್ಯಾಟ್ ಎಳೆಯುವ ರಾಡ್, 200 ವೋಲ್ಟ್‌ಗೆ ಇಳಿದಾಗ ಸುಮಾರು 1134 ವ್ಯಾಟ್ ಮಾತ್ರ ಎಳೆಯುತ್ತದೆ. ಮೇಲಿನ ಬಕೆಟ್‌ಗೆ ಬೇಕಾದ 0.465 ಯೂನಿಟ್ ತುಂಬಲು 230 ವೋಲ್ಟ್‌ನಲ್ಲಿ 18.6 ನಿಮಿಷ ಸಾಕಾದರೆ, 200 ವೋಲ್ಟ್‌ನಲ್ಲಿ 24.6 ನಿಮಿಷ ಬೇಕು. ಹೊತ್ತು ಹೆಚ್ಚಿತು, ಯೂನಿಟ್ ಹೆಚ್ಚಲಿಲ್ಲ. ಹೆಚ್ಚುವರಿ ಆರು ನಿಮಿಷಗಳಲ್ಲಿ ಬಕೆಟ್ಟಿನಿಂದ ಗಾಳಿಗೆ ಹೋಗುವ ಅಲ್ಪ ಶಾಖವಷ್ಟೇ ಅಧಿಕ.

ಇದರಿಂದ ಇನ್ನೊಂದು ಪಾಠವಿದೆ. ರಾಡಿನ ಮೇಲೆ 1500 ಎಂದು ಬರೆದಿದೆಯೆಂದು 24.6 ನಿಮಿಷಕ್ಕೆ ಗುಣಿಸಿದರೆ 0.615 ಯೂನಿಟ್ ಎಂಬ ಉತ್ತರ ಬರುತ್ತದೆ. ಮೀಟರಿನಲ್ಲಿ ಓಡಿರುವುದು 0.465ರಷ್ಟೇ. ಹಣೆಪಟ್ಟಿಯ ವ್ಯಾಟನ್ನು ಗಂಟೆಗಳಿಂದ ಗುಣಿಸುವ ರೂಢಿಯ ಲೆಕ್ಕ ವೋಲ್ಟೇಜ್ ಸ್ಥಿರವಾಗಿಲ್ಲದ ಊರಿನಲ್ಲಿ ನಂಬಿಕೆಗೆ ಅರ್ಹವಲ್ಲ.

ಮೂರನೆಯ ವಿಧಾನ: ಪ್ಲಗ್ ಮೀಟರ್

ಗೋಡೆಯ ಸಾಕೆಟ್‌ಗೂ ಸಾಧನಕ್ಕೂ ನಡುವೆ ಚುಚ್ಚುವ ಸಣ್ಣ ಶಕ್ತಿಮಾಪಕಗಳು ದೊರೆಯುತ್ತವೆ. ಅವು ಆ ಒಂದೇ ಸಾಧನದ ಯೂನಿಟ್, ವೋಲ್ಟೇಜ್, ವಿದ್ಯುತ್ ಪ್ರವಾಹಗಳನ್ನು ತೋರಿಸುವುದರಿಂದ ಉಳಿದ ಸಾಧನಗಳನ್ನು ಆರಿಸುವ ತೊಂದರೆಯಿಲ್ಲ. ಆದರೆ 1500 ವ್ಯಾಟ್‌ನ ರಾಡ್ 6.5 ಆಂಪಿಯರ್, 2000 ವ್ಯಾಟ್‌ನ ಗೀಸರ್ 8.7 ಆಂಪಿಯರ್, 3000 ವ್ಯಾಟ್‌ನದು 13 ಆಂಪಿಯರ್ ಎಳೆಯುತ್ತದೆ. ಆದ್ದರಿಂದ 16 ಆಂಪಿಯರ್ ಸಾಮರ್ಥ್ಯದ ಮಾಪಕವನ್ನೇ, ಅಷ್ಟೇ ಸಾಮರ್ಥ್ಯದ ಸಾಕೆಟ್‌ನಲ್ಲಿಯೇ ಬಳಸಬೇಕು. ದೀಪ ಮತ್ತು ಫ್ಯಾನ್‌ಗೆಂದು ಇರುವ 6 ಆಂಪಿಯರ್ ಸಾಕೆಟ್‌ಗೆ ಚುಚ್ಚಿದರೆ ಅದು ಕಾದು ಕರಗುವ ಅಪಾಯವಿದೆ. ತಂತಿಯನ್ನು ಬಿಚ್ಚಿ ಅಳೆಯುವ ಯಾವ ಪ್ರಯತ್ನವೂ ಮನೆಯವರ ಕೆಲಸವಲ್ಲ, ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ರದು.

ಉಷ್ಣತೆಯನ್ನು ಅಳೆದು ತಾಳೆ ನೋಡುವುದು

ಮೀಟರ್ ಹೇಳಿದ್ದನ್ನು ನೀರಿನಿಂದಲೇ ಪರೀಕ್ಷಿಸಬಹುದು. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಬಾರದು, ಅದರ ವ್ಯಾಪ್ತಿ 35ರಿಂದ 42 ಡಿಗ್ರಿ ಮಾತ್ರ. ಪ್ರಯೋಗಾಲಯದ ಥರ್ಮಾಮೀಟರ್ ಬೇಕು. ಬಕೆಟ್ಟಿನ ಮೇಲೆ 20 ಲೀಟರ್ ಎಂದು ಬರೆದಿದ್ದರೂ ಅದನ್ನು ಅಂಚಿನವರೆಗೆ ಯಾರೂ ತುಂಬುವುದಿಲ್ಲ. ಒಂದು ಲೀಟರಿನ ಬಾಟಲಿಯಿಂದ ಅಳೆದು ತುಂಬಿ, ನೀರಿನ ಮಟ್ಟಕ್ಕೆ ಗುರುತು ಹಾಕಿಕೊಳ್ಳಬೇಕು. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ರಾಡನ್ನು ಹೊರತೆಗೆದ ನಂತರವೇ ನೀರನ್ನು ಕಟ್ಟಿಗೆಯ ಕೋಲಿನಿಂದ ಚೆನ್ನಾಗಿ ಕಲಕಿ ಉಷ್ಣತೆ ನೋಡಬೇಕು. ಕಲಕದಿದ್ದರೆ ಮೇಲಿನ ನೀರು ಬಿಸಿ, ತಳದ ನೀರು ತಣ್ಣಗೆ ಇರುತ್ತದೆ.

ಈಗ ನೀರು ಪಡೆದ ಶಾಖವನ್ನು ಮೀಟರಿನ ಯೂನಿಟ್‌ನಿಂದ ಭಾಗಿಸಬೇಕು. ಮೀಟರ್ 0.50 ತೋರಿಸಿ ನೀರಿನ ಲೆಕ್ಕ 0.465 ಬಂದರೆ ದಕ್ಷತೆ ನೂರಕ್ಕೆ 93. ಬಕೆಟ್ಟಿನಲ್ಲಿ ರಾಡ್ ಇಟ್ಟು ಕಾಯಿಸುವಾಗ ನಿರೀಕ್ಷಿಸಬಹುದಾದ ಅಂಕಿ ಇಂಥದ್ದೇ. ನೂರಕ್ಕೆ 60 ಅಥವಾ 70 ಬಂದರೆ ಬೇರೆ ಯಾವುದೋ ಸಾಧನ ಜೊತೆಗೆ ನಡೆದಿರಬೇಕು, ಇಲ್ಲವೇ ನೀರಿನ ಪ್ರಮಾಣವನ್ನು ಕಡಿಮೆ ಬರೆದುಕೊಂಡಿರಬೇಕು, ಇಲ್ಲವೇ ಕಲಕದೆ ತಣ್ಣನೆಯ ಭಾಗದ ಉಷ್ಣತೆಯನ್ನು ಓದಿರಬೇಕು. ನೂರನ್ನು ಮೀರಿದರೆ ಅಳತೆಯಲ್ಲೇ ತಪ್ಪಿದೆ. ಕೊಟ್ಟದ್ದಕ್ಕಿಂತ ಹೆಚ್ಚು ಶಾಖವನ್ನು ನೀರು ಪಡೆಯಲಾರದು.

ಕೊಳವೆಬಾವಿಯ ಗಡಸು ನೀರಿರುವ ಊರುಗಳಲ್ಲಿ ರಾಡಿನ ಮೇಲೆ ಬಿಳಿಯ ಸುಣ್ಣದ ಪದರ ಕಟ್ಟುತ್ತದೆ. ಅದರಿಂದ ಯೂನಿಟ್ ಬಹಳ ಹೆಚ್ಚುತ್ತದೆಂಬ ಮಾತು ಪ್ರಚಲಿತವಾಗಿದೆ. ವಾಸ್ತವದಲ್ಲಿ ಸುರುಳಿ ನೀರಿನೊಳಗೇ ಇರುವುದರಿಂದ ಅದರ ಶಾಖ ಕೊನೆಗೆ ನೀರಿಗೇ ಸೇರುತ್ತದೆ. ಪದರದ ನಿಜವಾದ ಹಾನಿ ಬೇರೆ: ಶಾಖ ಹೊರಬರಲು ತಡೆಯಾಗಿ ಸುರುಳಿ ಒಳಗೇ ಅತಿಯಾಗಿ ಕಾದು ಬೇಗ ಸುಟ್ಟುಹೋಗುತ್ತದೆ, ಕೆಲವೊಮ್ಮೆ ಅದರ ಹೊರಕವಚ ಬಿರಿದು ನೀರಿಗೆ ವಿದ್ಯುತ್ ಸೋರುತ್ತದೆ.

ಗೀಸರ್‌ನ ಅಳತೆ

ಸಂಗ್ರಹದ ಗೀಸರ್‌ನಲ್ಲಿ ಎರಡು ಪ್ರತ್ಯೇಕ ಬಳಕೆಗಳಿವೆ. ಮೊದಲನೆಯದು ನೀರು ಕಾಯಿಸುವುದು. 15 ಲೀಟರ್ ನೀರನ್ನು 22ರಿಂದ 60 ಡಿಗ್ರಿಗೆ ಏರಿಸಲು 15 × 38 × 1.163 = 663 ವ್ಯಾಟ್ ಗಂಟೆ ಬೇಕು. ಆ ನೀರಿಗೆ ತಣ್ಣೀರು ಬೆರೆಸಿದರೆ 42 ಡಿಗ್ರಿಯ ಸುಮಾರು 28 ಲೀಟರ್ ದೊರೆಯುತ್ತದೆ. ಎರಡನೆಯದು ನಿಲುಗಡೆಯ ನಷ್ಟ. ಯಾರೂ ನೀರು ಬಳಸದಿದ್ದರೂ ತೊಟ್ಟಿಯ ಗೋಡೆಯಿಂದ ಶಾಖ ಹೊರಹೋಗುತ್ತಿರುತ್ತದೆ. ಉಷ್ಣತೆ ಇಳಿದೊಡನೆ ಥರ್ಮೋಸ್ಟಾಟ್ ಮತ್ತೆ ವಿದ್ಯುತ್ ಹರಿಸುತ್ತದೆ. ಭಾರತದ ಇಂಧನ ದಕ್ಷತಾ ಬ್ಯೂರೋ ಗೀಸರ್‌ಗಳಿಗೆ ಕೊಡುವ ನಕ್ಷತ್ರಗಳು ಈ ನಿಲುಗಡೆಯ ನಷ್ಟವನ್ನೇ ಆಧರಿಸಿವೆ; 24 ಗಂಟೆಗಳಲ್ಲಿ, ಹೊರಗಿಗಿಂತ ನೀರು 45 ಡಿಗ್ರಿ ಹೆಚ್ಚು ಬಿಸಿಯಾಗಿರುವಾಗ ಎಷ್ಟು ಯೂನಿಟ್ ನಷ್ಟ ಎಂಬುದು ಅದರ ಮಾನ. ಬಳಸಿದ ಒಡನೆ ಆರಿಸುವ ಮನೆಯಲ್ಲಿ ನಕ್ಷತ್ರಗಳ ಅಂತರದಿಂದ ಲಾಭ ಅಲ್ಪ. ದಿನವಿಡೀ ಹಾಕಿಯೇ ಬಿಡುವ ಮನೆಯಲ್ಲಿ ಅಧಿಕ.

ಇದನ್ನು ಮನೆಯಲ್ಲಿ ಅಳೆಯಲು ಎರಡು ರಾತ್ರಿಗಳು ಸಾಕು. ಮೊದಲ ರಾತ್ರಿ 9ರಿಂದ ಬೆಳಗಿನ 5ರವರೆಗೆ ಗೀಸರ್ ಆರಿಸಿಟ್ಟು ಮೀಟರ್ ಓದಬೇಕು. ಎರಡನೆಯ ರಾತ್ರಿ ಗೀಸರನ್ನು ಮೊದಲೇ ಪೂರ್ತಿ ಕಾಯಿಸಿ, ಹಾಕಿಯೇ ಬಿಟ್ಟು, ಅದೇ ಅವಧಿಗೆ ಓದಬೇಕು. ಫ್ಯಾನು, ದೀಪಗಳು ಎರಡೂ ರಾತ್ರಿ ಒಂದೇ ರೀತಿ ನಡೆದಿದ್ದರೆ ವ್ಯತ್ಯಾಸವೆಲ್ಲ ನಿಲುಗಡೆಯ ನಷ್ಟ. 8 ಗಂಟೆಗಳ ಆ ಅಂಕಿಯನ್ನು ಮೂರರಿಂದ ಗುಣಿಸಿದರೆ ಒಂದು ದಿನದ್ದಾಯಿತು.

ಕೂಡಲೇ ಕಾಯಿಸುವ ಇನ್‌ಸ್ಟಂಟ್ ಗೀಸರ್‌ನ ವ್ಯಾಟ್ ಹೆಚ್ಚು. 3000 ಎಂದಿರುವುದನ್ನು ಕಂಡು ಬಿಲ್ ಎರಡು ಪಟ್ಟಾಗುವುದೆಂದು ಹಲವರು ಅಂಜುತ್ತಾರೆ. ಅದು ನಿಮಿಷಕ್ಕೆ ಸುಮಾರು 2.1 ಲೀಟರ್ ನೀರನ್ನು 20 ಡಿಗ್ರಿ ಏರಿಸುತ್ತದೆ. 20 ಲೀಟರಿಗೆ 9 ನಿಮಿಷ ಚಿಲ್ಲರೆ. ಯೂನಿಟ್ ಮಾತ್ರ ಅದೇ 0.465. ವ್ಯಾಟ್ ಹೆಚ್ಚಿದಷ್ಟೂ ಹೊತ್ತು ಕಡಿಮೆ. ಆದರೆ ಮನೆಗೆ ಮಂಜೂರಾದ ಹೊರೆಯನ್ನೂ ತಂತಿಯ ದಪ್ಪವನ್ನೂ ನೋಡದೆ ಅಂಥ ಸಾಧನ ಹಾಕುವುದು ತಪ್ಪು.

ಹಾಟ್ ಟಬ್ ಎಂಬ ದೊಡ್ಡ ತೊಟ್ಟಿ

ಅಮೆರಿಕ ಮತ್ತು ಯುರೋಪಿನ ಶೀತದೇಶಗಳಲ್ಲಿ ಹಲವು ಮನೆಗಳ ಹಿತ್ತಿಲಲ್ಲಿ ನಾಲ್ಕಾರು ಜನ ಕುಳಿತುಕೊಳ್ಳಬಹುದಾದ ಬಿಸಿನೀರಿನ ತೊಟ್ಟಿ ಇರುತ್ತದೆ; ಅದೇ ಹಾಟ್ ಟಬ್. ನಮ್ಮ ಹಂಡೆಗೂ ಅದಕ್ಕೂ ಇರುವ ಮುಖ್ಯ ಭೇದ ಗಾತ್ರದ್ದಲ್ಲ, ಕಾಲದ್ದು. ಹಂಡೆಯ ನೀರನ್ನು ಕಾಯಿಸಿ ಬಳಸಿ ಮುಗಿಸುತ್ತೇವೆ. ಟಬ್ಬಿನ ನೀರನ್ನು ಶುದ್ಧೀಕರಿಸುತ್ತ ವಾರಗಟ್ಟಲೆ ಅದೇ ಉಷ್ಣತೆಯಲ್ಲಿ ಇಟ್ಟಿರುತ್ತಾರೆ. ಹೀಗಾಗಿ ಅಲ್ಲಿ ಕಾಯಿಸುವ ಖರ್ಚಿಗಿಂತ ಕಾಪಾಡುವ ಖರ್ಚು ದೊಡ್ಡದು.

1200 ಲೀಟರ್ ಹಿಡಿಯುವ ತೊಟ್ಟಿಯನ್ನು 25ರಿಂದ 39 ಡಿಗ್ರಿಗೆ ಏರಿಸಲು 1200 × 14 × 1.163 = 19.5 ಯೂನಿಟ್ ಬೇಕು. 3 ಕಿಲೋವ್ಯಾಟ್‌ನ ಹೀಟರ್‌ಗೆ ಆರೂವರೆ ಗಂಟೆಯ ಕೆಲಸ. ಇದು ಒಮ್ಮೆ ಆಗುವ ವೆಚ್ಚ. ದಿನದ ವೆಚ್ಚ ತಿಳಿಯಲು ಸುಲಭ ಉಪಾಯವಿದೆ: ಮುಚ್ಚಳ ಹಾಕಿ, ಹೀಟರ್ ಆರಿಸಿ, 24 ಗಂಟೆಗಳ ನಂತರ ಉಷ್ಣತೆ ಎಷ್ಟು ಇಳಿಯಿತೆಂದು ನೋಡುವುದು. ಈ ತೊಟ್ಟಿಯಲ್ಲಿ ಒಂದು ಡಿಗ್ರಿ ಎಂದರೆ 1.4 ಯೂನಿಟ್. ನಾಲ್ಕು ಡಿಗ್ರಿ ಇಳಿದಿದ್ದರೆ ದಿನಕ್ಕೆ 5.6 ಯೂನಿಟ್, ತಿಂಗಳಿಗೆ ಸುಮಾರು 167 ಯೂನಿಟ್. ನೀರನ್ನು ತಿರುಗಿಸುವ ಪಂಪಿನ ಬಳಕೆಯನ್ನು ಪ್ರತ್ಯೇಕವಾಗಿ ಅಳೆದು ಸೇರಿಸಬೇಕು. ಮುಚ್ಚಳ ತೆಗೆದಿಟ್ಟರೆ ನಷ್ಟ ಬಹುಪಾಲು ಹೆಚ್ಚುತ್ತದೆ. ಏಕೆಂದರೆ ತೆರೆದ ಬಿಸಿನೀರಿನಿಂದ ಶಾಖ ಹೋಗುವ ಮುಖ್ಯ ದಾರಿ ಆವಿ. ಜಪಾನಿನ ಮನೆಗಳಲ್ಲಿ ಒಂದೇ ತೊಟ್ಟಿಯ ನೀರನ್ನು ಮನೆಮಂದಿಯೆಲ್ಲ ಒಬ್ಬರ ನಂತರ ಒಬ್ಬರು ಬಳಸುವಾಗ ನಡುನಡುವೆ ಮುಚ್ಚಳ ಹಾಕುವುದು ಇದೇ ಕಾರಣಕ್ಕೆ.

ಇದೇ ಉಪಾಯ ನಮ್ಮ ಹಂಡೆಗೂ ಹೊಂದುತ್ತದೆ. 60 ಲೀಟರ್ ಹಿಡಿಯುವ ಹಂಡೆಯಲ್ಲಿ ಒಂದು ಡಿಗ್ರಿ ಎಂದರೆ 0.07 ಯೂನಿಟ್. ರಾತ್ರಿ ಕಾಯಿಸಿಟ್ಟ ನೀರು ಬೆಳಗಾಗುವಷ್ಟರಲ್ಲಿ 10 ಡಿಗ್ರಿ ಇಳಿದರೆ 0.7 ಯೂನಿಟ್ ಗಾಳಿಗೆ ಹೋಯಿತು. ಹಂಡೆಗೆ ತಟ್ಟೆ ಮುಚ್ಚುವ ಹಿರಿಯರ ರೂಢಿಗೆ ಇದೇ ಅರ್ಥ.

ಯೂನಿಟ್‌ನಿಂದ ರೂಪಾಯಿಗೆ

ಕರ್ನೂಲು ಜಿಲ್ಲೆಗೆ ವಿದ್ಯುತ್ ಪೂರೈಸುವುದು ಆಂಧ್ರಪ್ರದೇಶ ದಕ್ಷಿಣ ವಿದ್ಯುತ್ ವಿತರಣಾ ಕಂಪನಿ. ಆಂಧ್ರಪ್ರದೇಶ ವಿದ್ಯುತ್ ನಿಯಂತ್ರಣ ಆಯೋಗ 2022ರಲ್ಲಿ ಗೃಹಬಳಕೆಗೆ ನಿಗದಿಪಡಿಸಿದ ಹಂತವಾರು ದರಗಳು ಹೀಗಿವೆ:

ಮೊದಲ 30 ಯೂನಿಟ್‌ವರೆಗೆ: ಯೂನಿಟ್‌ಗೆ 1.90 ರೂಪಾಯಿ
31ರಿಂದ 75: 3.00 ರೂಪಾಯಿ
76ರಿಂದ 125: 4.50 ರೂಪಾಯಿ
126ರಿಂದ 225: 6.00 ರೂಪಾಯಿ
226ರಿಂದ 400: 8.75 ರೂಪಾಯಿ
400ರ ಮೇಲೆ: 9.75 ರೂಪಾಯಿ

ನಿಗದಿತ ಶುಲ್ಕ, ವಿದ್ಯುತ್ ಸುಂಕ, ಇಂಧನ ಹೊಂದಾಣಿಕೆಯ ಮೊತ್ತಗಳು ಇದರ ಮೇಲೆ ಸೇರುತ್ತವೆ. ದರ ಪರಿಷ್ಕರಣೆಯಾದಾಗ ಹೊಸ ಅಂಕಿಗಳನ್ನು ಇಟ್ಟು ಇದೇ ಕ್ರಮದಲ್ಲಿ ಲೆಕ್ಕ ಮಾಡಬಹುದು.

ಒಂದು ಕಲ್ಪಿತ ಮನೆಯನ್ನು ತೆಗೆದುಕೊಳ್ಳೋಣ. ಬಿಸಿನೀರನ್ನು ಬಿಟ್ಟು ತಿಂಗಳಿಗೆ 90 ಯೂನಿಟ್ ಬಳಕೆ. ಶಕ್ತಿಶುಲ್ಕ: 57 + 135 + 67.50 = 259.50 ರೂಪಾಯಿ. ಚಳಿಗಾಲ ಬಂತು, ಐದು ಜನರಿಗೆ ದಿನಕ್ಕೆ ಐದು ಬಕೆಟ್, ಬಕೆಟ್‌ಗೆ ಅರ್ಧ ಯೂನಿಟ್. ತಿಂಗಳಿಗೆ 75 ಯೂನಿಟ್ ಸೇರಿ ಒಟ್ಟು 165. ಶುಲ್ಕ: 57 + 135 + 225 + 240 = 657 ರೂಪಾಯಿ. ಬಿಸಿನೀರಿನ ಪಾಲು 397.50 ರೂಪಾಯಿ, ಅಂದರೆ ಯೂನಿಟ್‌ಗೆ 5.30.

ಇಲ್ಲಿ ಅನೇಕರು ತಪ್ಪುತ್ತಾರೆ. 657ನ್ನು 165ರಿಂದ ಭಾಗಿಸಿ ಸರಾಸರಿ 3.98 ಎಂದು ಹಿಡಿದು, 75 ಯೂನಿಟ್‌ಗೆ 299 ರೂಪಾಯಿ ಎನ್ನುತ್ತಾರೆ. ಆದರೆ ಹಂತದ ದರದಲ್ಲಿ ಹೊಸದಾಗಿ ಸೇರಿದ ಬಳಕೆ ಯಾವಾಗಲೂ ಮೇಲಿನ ಮೆಟ್ಟಿಲಲ್ಲೇ ಕೂರುತ್ತದೆ. ಆದುದರಿಂದ ಉಳಿಸಿದ ಯೂನಿಟ್ ಕೂಡ ಮೇಲಿನ ದರದಲ್ಲೇ ಉಳಿಯುತ್ತದೆ. ಅದೇ ಮನೆಯವರು ಬಕೆಟ್‌ಗೆ 20ರ ಬದಲು 15 ಲೀಟರ್ ಕಾಯಿಸಿ, 42ರ ಬದಲು 40 ಡಿಗ್ರಿಗೆ ನಿಲ್ಲಿಸಿದರೆ ಬಕೆಟ್‌ಗೆ 0.34 ಯೂನಿಟ್ ಸಾಕು. ತಿಂಗಳಿಗೆ 75ರ ಬದಲು 51. ಉಳಿತಾಯ 24 ಯೂನಿಟ್. ಯೂನಿಟ್‌ಗೆ 6 ರೂಪಾಯಿಯಂತೆ 144 ರೂಪಾಯಿ. ಕೂಲಿಯ ಮೇಲೆ ನಡೆಯುವ ಮನೆಗೆ ಇದು ಮಕ್ಕಳ ನೋಟ್‌ಪುಸ್ತಕಗಳ ಖರ್ಚು.

ಗಡಿಯಾಚೆಯ ಬಂಧುಗಳ ಬಿಲ್ಲಿನೊಂದಿಗೆ ಹೋಲಿಸುವುದು ಇಲ್ಲಿ ಸಹಜ. ಕರ್ನಾಟಕದಲ್ಲಿ 2023ರ ಜುಲೈನಿಂದ ಗೃಹಜ್ಯೋತಿ ಯೋಜನೆಯಡಿ ತಿಂಗಳಿಗೆ 200 ಯೂನಿಟ್ ಮಿತಿಯೊಳಗೆ ಉಚಿತ ವಿದ್ಯುತ್ ದೊರೆಯುತ್ತಿದೆ. ಬಳ್ಳಾರಿ, ರಾಯಚೂರಿನ ಮನೆಗೆ ಸಿಗುವ ಆ ಸೌಲಭ್ಯ ಈಚೆಯ ಮನೆಗೆ ಅನ್ವಯಿಸುವುದಿಲ್ಲ. ಆದರೆ ನೀರು ಕಾಯಲು ಬೇಕಾದ ಯೂನಿಟ್ ಗಡಿಯ ಎರಡೂ ಬದಿ ಒಂದೇ.

ಅಳೆಯುವ ಕಾಲ

ಒಂದು ದಿನದ ಅಳತೆಯಿಂದ ತೀರ್ಮಾನಕ್ಕೆ ಬರಬಾರದು. ಕನಿಷ್ಠ ಏಳು ದಿನ, ಪ್ರತಿದಿನ ಒಂದೇ ಹೊತ್ತಿಗೆ ಬರೆಯಬೇಕು. ಡಿಸೆಂಬರ್ ಅಥವಾ ಜನವರಿಯಲ್ಲಿ ಒಂದು ವಾರ, ಏಪ್ರಿಲ್‌ನಲ್ಲಿ ಒಂದು ವಾರ ಅಳೆದರೆ ವರ್ಷದ ಚಿತ್ರ ದೊರೆಯುತ್ತದೆ. ಬೇಸಿಗೆಯಲ್ಲಿ ಮಾಳಿಗೆಯ ತೊಟ್ಟಿಯ ನೀರು ತಾನಾಗಿಯೇ ಬಿಸಿಯಾಗಿರುವುದರಿಂದ ಉಷ್ಣತೆಯ ಏರಿಕೆ ಬಹಳ ಕಡಿಮೆ. ಉರುಕುಂದದಲ್ಲಿ ಶ್ರಾವಣ ಮಾಸವನ್ನು ಅಳತೆಗೆ ಆರಿಸಿಕೊಳ್ಳದಿರುವುದು ಒಳಿತು. ಈರಣ್ಣ ಸ್ವಾಮಿಯ ದರ್ಶನಕ್ಕೆ ಕರ್ನಾಟಕದಿಂದಲೂ ಬರುವ ಭಕ್ತರಲ್ಲಿ ನೆಂಟರಿಷ್ಟರು ಮನೆಗಳಲ್ಲಿ ಉಳಿದುಕೊಳ್ಳುವುದರಿಂದ ಆ ತಿಂಗಳ ಲೆಕ್ಕ ಮನೆಯ ಸಾಮಾನ್ಯ ಲೆಕ್ಕವಾಗಿರುವುದಿಲ್ಲ.

ಬರೆದುಕೊಳ್ಳಬೇಕಾದವು ಆರು: ದಿನಾಂಕ, ಮೀಟರಿನ ಎರಡು ಓದು, ನೀರಿನ ಲೀಟರ್, ಮೊದಲ ಉಷ್ಣತೆ, ಕೊನೆಯ ಉಷ್ಣತೆ, ಕಾಯಿಸಿದ ನಿಮಿಷ. ಸೌರ ವಾಟರ್ ಹೀಟರ್ ಹಾಕಿಸುವ ವಿಚಾರವಿದ್ದವರಿಗೂ ಇದೇ ದಾಖಲೆ ಆಧಾರ. 100 ಲೀಟರ್ ನೀರನ್ನು ಬಿಸಿಲು 30 ಡಿಗ್ರಿ ಏರಿಸಿದರೆ ಅದು ದಿನಕ್ಕೆ 3.5 ಯೂನಿಟ್‌ಗೆ ಸಮ. ತಮ್ಮ ಮನೆ ನಿಜವಾಗಿ ಬಳಸುವುದು ಅದರಲ್ಲಿ ಎಷ್ಟೆಂದು ತಿಳಿದವರು ಮಾತ್ರ ಆ ಖರ್ಚು ಎಷ್ಟು ವರ್ಷದಲ್ಲಿ ಮರಳುವುದೆಂದು ಹೇಳಬಲ್ಲರು.

ಸುರಕ್ಷತೆ

ಯೂನಿಟ್‌ಗಿಂತ ಪ್ರಾಣ ದೊಡ್ಡದು. ರಾಡ್ ಹಾಕಿರುವ ನೀರಿಗೆ ಕೈಯನ್ನಾಗಲಿ ಥರ್ಮಾಮೀಟರನ್ನಾಗಲಿ ಅದ್ದಬಾರದು. ಸ್ವಿಚ್ ಆರಿಸುವುದಷ್ಟೇ ಸಾಲದು, ಪ್ಲಗ್ಗನ್ನು ಕೀಳಬೇಕು. ಲೋಹದ ಬಕೆಟ್ ಅಥವಾ ತಾಮ್ರದ ಹಂಡೆಗೆ ರಾಡ್ ಇಳಿಬಿಡುವುದು ವಿಶೇಷವಾಗಿ ಅಪಾಯಕಾರಿ. ರಾಡನ್ನು ನೀರಿಗೆ ಇಳಿಸಿದ ಮೇಲೆ ಸ್ವಿಚ್ ಹಾಕಬೇಕು. ಖಾಲಿ ಗಾಳಿಯಲ್ಲಿ ಹಾಕಿದರೆ ಕೂಡಲೇ ಸುಡುತ್ತದೆ. ಮೂರು ಕಾಲಿನ ಪ್ಲಗ್ಗಿನ ಭೂಸಂಪರ್ಕ ಸರಿಯಿರಬೇಕು. 30 ಮಿಲಿಆಂಪಿಯರ್‌ನಷ್ಟು ಸೋರಿಕೆಯಾದರೂ ವಿದ್ಯುತ್ ಕಡಿಯುವ ಆರ್.ಸಿ.ಸಿ.ಬಿ. ಎಂಬ ಸಾಧನವನ್ನು ಬಚ್ಚಲುಮನೆಯ ಸಾಲಿಗೆ ಹಾಕಿಸುವುದು ಉತ್ತಮ. 60 ಡಿಗ್ರಿಯ ನೀರು ಮಕ್ಕಳ ಚರ್ಮವನ್ನು ಕೆಲವೇ ಕ್ಷಣಗಳಲ್ಲಿ ಸುಡುತ್ತದೆ. ಮಕ್ಕಳು ಮೀಟರಿನ ಮಿಣುಕು ಎಣಿಸಲಿ, ಅಂಕಿ ಬರೆಯಲಿ, ಲೆಕ್ಕ ಮಾಡಲಿ. ರಾಡು ಮತ್ತು ಪ್ಲಗ್ಗಿನ ಕೆಲಸ ದೊಡ್ಡವರದೇ ಆಗಿರಲಿ.

ಅಳತೆ ತಾಳೆಯಾಗದಿದ್ದರೆ

ಹಲವು ಸಲ ಎಚ್ಚರಿಕೆಯಿಂದ ಅಳೆದರೂ ನೀರಿನ ಲೆಕ್ಕಕ್ಕೂ ಮೀಟರಿನ ಲೆಕ್ಕಕ್ಕೂ ದೊಡ್ಡ ಅಂತರ ಉಳಿದರೆ ಮೊದಲು ಎಲ್ಲ ಸಾಧನಗಳನ್ನು ಆರಿಸಿ ಮಿಣುಕುವ ದೀಪವನ್ನು ನೋಡಬೇಕು. ಆಗಲೂ ಮಿಣುಕುತ್ತಿದ್ದರೆ ಮನೆಯ ತಂತಿಯಲ್ಲಿ ಸೋರಿಕೆ ಇರಬಹುದು, ಇಲ್ಲವೇ ಮರೆತುಹೋದ ಯಾವುದೋ ಸಾಧನ ನಡೆಯುತ್ತಿರಬಹುದು. ಮೀಟರಿನ ಮೇಲೆಯೇ ಸಂಶಯವಿದ್ದರೆ ಅದನ್ನು ಪರೀಕ್ಷಿಸುವಂತೆ ವಿತರಣಾ ಕಂಪನಿಯನ್ನು ಕೇಳಬಹುದು. ವಿದ್ಯುತ್ ದೂರಿನ ದೂರವಾಣಿ ಸಂಖ್ಯೆ 1912. ಅಲ್ಲಿ ಪರಿಹಾರ ದೊರೆಯದಿದ್ದರೆ 2003ರ ವಿದ್ಯುತ್ ಕಾಯ್ದೆಯ 42ನೆಯ ಕಲಮಿನಂತೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಯಿದೆ, ಅದರ ಮೇಲೆ ಓಂಬುಡ್ಸ್‌ಮನ್ ಇದ್ದಾರೆ.

ತೆಲುಗಿನಲ್ಲಿ ಬರೆಯಲು ಬಾರದೆಂದು ದೂರು ಕೊಡದೆ ಇರಬೇಕಾಗಿಲ್ಲ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕುಂದುಕೊರತೆಯ ಮನವಿಯನ್ನು ಅಧಿಕಾರಿಗಳಿಗೆ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಪ್ರತಿಯೊಬ್ಬರಿಗೂ ಕೊಟ್ಟಿದೆ. ಏಳು ದಿನಗಳ ಅಂಕಿಗಳನ್ನು ದಿನಾಂಕಸಹಿತ ಬರೆದಿಟ್ಟ ನೋಟ್‌ಬುಕ್ಕಿನ ಪುಟವನ್ನು ಮನವಿಯ ಜೊತೆಗಿಟ್ಟರೆ ಅದು ಬರಿಯ ದೂರಾಗಿ ಉಳಿಯುವುದಿಲ್ಲ, ಲೆಕ್ಕವಾಗುತ್ತದೆ. ಲೆಕ್ಕಕ್ಕೆ ಯಾವ ಭಾಷೆಯ ಕಚೇರಿಯೂ ಉತ್ತರ ಕೊಡಲೇಬೇಕು.